ಮಾಡಿಸಿಕೊಂಡೆನೋ, ಮಾಡಿಸಿದರೋ: ಹೆಣ್ಣುಮಕ್ಕಳ ಸಂತಾನ ಚರಿತ್ರೆ ಬರೆದುಕೊಳ್ಳುವ ಕ್ರಮ

ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಣ್ಣುಮಕ್ಕಳನ್ನು ತೆಗೆದುಕೊಂಡರೆ, ನೂರರಲ್ಲಿ 57 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರ ಲೆಕ್ಕ ಸೊನ್ನೆಯ ಹತ್ತಿರವಿದೆ. ಒಬ್ಬ ಹೆಂಗಸು ಹೆರುವ ಮಕ್ಕಳ ಸರಾಸರಿ 1.7. ಇದೆಲ್ಲ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದೆ. ಇಷ್ಟು ತಿಳಿಯಲು ಯಾರೂ ಜಗಳೂರಿಗೋ ಮೊಳಕಾಲ್ಮೂರಿಗೋ ಬಸ್ಸು ಹತ್ತಬೇಕಿಲ್ಲ. ಆ 57 ಮಂದಿಯಲ್ಲಿ ಎಷ್ಟು ಜನ ತಾವಾಗಿ ಮಾಡಿಸಿಕೊಂಡರು, ಎಷ್ಟು ಜನರಿಗೆ ಬೇರೆಯವರು ಮಾಡಿಸಿದರು, ಗಂಡಸರ ಹೆಸರು ಆ ಮಾತಿನಲ್ಲಿ ಯಾಕೆ ಬರಲೇ ಇಲ್ಲ ಎಂಬುದು ಮಾತ್ರ ಮನೆಯ ಕಟ್ಟೆಯ ಮೇಲೆ ಕೂತು ಕೇಳದೆ ಸಿಗುವುದಿಲ್ಲ. ಸಮಾಜಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು, ಪಿಎಚ್.ಡಿ.ಗೆ ಹೊರಟವರು, ಸಂಘ ಸಂಸ್ಥೆಗಳ ಕಾರ್ಯಕರ್ತರು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಈ ಕೆಲಸಕ್ಕೆ ಇಳಿಯುವಾಗ ಅನುಸರಿಸಬಹುದಾದ ಕ್ರಮ ಇಲ್ಲಿದೆ.

ಮೊದಲು ಜಿಲ್ಲೆಯ ಗಡಿ

ಹಳೆಯ ಅಂಕಿಅಂಶವನ್ನು ಇಂದಿನದರ ಪಕ್ಕ ಇಟ್ಟು ಹೋಲಿಸುವಾಗ ಬಹಳ ಜನ ಎಡವುವುದು ಇಲ್ಲಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. 1991ರ ಜನಗಣತಿಯ ಚಿತ್ರದುರ್ಗದಲ್ಲಿ ದಾವಣಗೆರೆ, ಹರಿಹರ, ಜಗಳೂರು ಸೇರಿವೆ. ಚನ್ನಗಿರಿ ಮತ್ತು ಹೊನ್ನಾಳಿ ಆಗ ಶಿವಮೊಗ್ಗದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರದಲ್ಲಿದೆ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಗೆ ಬರೆದಿರುವ 19,45,497 ಜನರಲ್ಲಿ ಹರಪನಹಳ್ಳಿಯವರೂ ಇದ್ದಾರೆ. 2019-21ರ ಸಮೀಕ್ಷೆಯೂ 2017ರ ಮಾರ್ಚ್‌ನಲ್ಲಿದ್ದ ಜಿಲ್ಲೆಗಳ ಪ್ರಕಾರ ನಡೆದದ್ದು. ಹೀಗಾಗಿ ಜಿಲ್ಲೆಗಿಂತ ತಾಲ್ಲೂಕು ಮಟ್ಟದ ಹೋಲಿಕೆ ಭದ್ರ. ಜಿಲ್ಲೆಯದನ್ನೇ ಬಳಸಬೇಕಾದರೆ ಯಾವ ತಾಲ್ಲೂಕುಗಳು ಸೇರಿವೆ ಎಂದು ಕೋಷ್ಟಕದ ಕೆಳಗೆ ಬರೆಯಿರಿ.

ಊರು ಮತ್ತು ಮನೆಗಳ ಆಯ್ಕೆ

ಒಂದೇ ಊರು ಸಾಲದು, ಹತ್ತು ಊರು ಒಬ್ಬರ ಕೈಯಲ್ಲಿ ಆಗದು. ಮೂರು ಸರಿಯಾದ ಸಂಖ್ಯೆ. ಭದ್ರಾ ನಾಲೆಯ ನೀರು ಹರಿಯುವ ಒಂದು ಭತ್ತದ ಊರು (ಹರಿಹರ ಅಥವಾ ದಾವಣಗೆರೆ ತಾಲ್ಲೂಕು), ಮಳೆ ನಂಬಿದ ಒಂದು ಶೇಂಗಾದ ಊರು (ಚಳ್ಳಕೆರೆ ಅಥವಾ ಜಗಳೂರು), ಮೂರನೆಯದು ಒಂದು ತಾಂಡಾ ಅಥವಾ ಗೊಲ್ಲರಹಟ್ಟಿ. ಗದ್ದೆ ಕೂಲಿ ವರ್ಷಕ್ಕೆ ಎರಡು ಹಂಗಾಮು ಸಿಗುವ ಕಡೆ ಹೆಣ್ಣಿನ ದುಡಿಮೆಗೆ ಇರುವ ಬೆಲೆ ಬೇರೆ, ಊರೇ ಗುಳೆ ಹೋಗುವ ಕಡೆ ಬೇರೆ. ಆ ವ್ಯತ್ಯಾಸ ಮಕ್ಕಳ ಲೆಕ್ಕದಲ್ಲೂ ಬಾಣಂತನದ ದಿನಗಳಲ್ಲೂ ಕಾಣುತ್ತದೆ.

ಊರಿಗೆ ಹೋದ ಮೊದಲ ಎರಡು ದಿನ ಸಂದರ್ಶನ ಬೇಡ. ಬೀದಿ ಬೀದಿ ನಡೆದು ಮನೆಗಳ ಪಟ್ಟಿ ಮಾಡಿ, ಬಾಗಿಲಿಗೊಂದು ಸಂಖ್ಯೆ ಕೊಡಿ. 240 ಮನೆ ಇದ್ದು 40 ಬೇಕಾದರೆ ಆರಕ್ಕೊಂದು ಮನೆ. ಒಂದರಿಂದ ಆರರವರೆಗೆ ಚೀಟಿ ಎತ್ತಿ, ಬಂದ ಸಂಖ್ಯೆಯಿಂದ ಶುರು ಮಾಡಿ. ಬೀಗ ಹಾಕಿದ ಮನೆ ಬಂದರೆ ಪಕ್ಕದ ಮನೆಗೆ ಹೋಗಬಾರದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ. ಬೀಗ ಬಿದ್ದ ಮನೆಯವರು ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋದವರಾಗಿರುತ್ತಾರೆ. ಅವರ ಹೆರಿಗೆ, ಗರ್ಭಪಾತ, ಆಪರೇಷನ್ನಿನ ಕಥೆ ಊರಲ್ಲಿ ಉಳಿದವರ ಕಥೆಯಂತಿರುವುದಿಲ್ಲ. ಅವರನ್ನು ಬಿಟ್ಟರೆ ನಿಮ್ಮ ಅಧ್ಯಯನ ಮನೆಯಲ್ಲಿರುವವರ ಅಧ್ಯಯನವಷ್ಟೇ ಆಗುತ್ತದೆ. ಯುಗಾದಿ ಹೊತ್ತಿಗೆ, ಊರ ಜಾತ್ರೆಗೆ ಅವರು ಬಂದೇ ಬರುತ್ತಾರೆ. ಆಗ ಎರಡು ದಿನ ಮೀಸಲಿಡಿ.

ಮೂರು ತಲೆಮಾರು ಬೇಕು: 1976ರ ಹೊತ್ತಿಗೇ ಮಕ್ಕಳಾಗಿದ್ದ ಅಜ್ಜಿಯರು, 1996ಕ್ಕೆ ಮುಂಚೆ ಆಪರೇಷನ್ ಆದವರು, 2005ರ ನಂತರ ಹೆತ್ತವರು. ಈ ಮೂರು ಇಸವಿಗಳ ಕಾರಣ ಮುಂದೆ ಬರುತ್ತದೆ.

ಪರವಾನಗಿ, ರಿಜಿಸ್ಟರ್, ಆಶಾ

ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೈಯಲ್ಲಿಲ್ಲದೆ ಹೊರಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆ ನೋಡಬೇಕಾದರೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಯ ಲಿಖಿತ ಅನುಮತಿ ಬೇಕು. ಅದರ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಪಿಎಚ್‌ಸಿ ವೈದ್ಯರಿಗೂ ಕೊಡಿ.

ಉಪಕೇಂದ್ರದಲ್ಲಿ ನಿಮಗೆ ಬಲು ಉಪಯೋಗದ ಪುಸ್ತಕ ಅರ್ಹ ದಂಪತಿಗಳ ರಿಜಿಸ್ಟರ್. ಹೆಂಡತಿಯ ವಯಸ್ಸು 15ರಿಂದ 49 ಇರುವ ಪ್ರತಿ ಜೋಡಿ, ಮಕ್ಕಳ ಸಂಖ್ಯೆ, ಕೊನೆಯ ಮಗುವಿನ ವಯಸ್ಸು, ಯಾವ ವಿಧಾನ ಬಳಸುತ್ತಿದ್ದಾರೆ ಎಂಬುದು ಅಲ್ಲಿರುತ್ತದೆ. ಅದು ಯಾರನ್ನು ಬಿಡುತ್ತದೆ ಎಂಬುದನ್ನೂ ಬರೆದುಕೊಳ್ಳಿ. ವಿಧವೆಯರು, ಗಂಡ ಬಿಟ್ಟವರು, ಮದುವೆಯಾಗದವರು ಜೋಡಿಯ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರದ ಕಣ್ಣಿಗೆ ಅವರಿಗೆ ಗರ್ಭವೇ ಇಲ್ಲದಂತೆ. ರಿಜಿಸ್ಟರ್ ಯಾರನ್ನು ಎಣಿಸುತ್ತದೆ ಎಂಬುದೂ ಜನಸಂಖ್ಯಾ ನೀತಿಯೇ. ಅದರ ಹೊರಗಿರುವ ಐದಾರು ಹೆಂಗಸರನ್ನು ಮನೆಪಟ್ಟಿಯಿಂದ ಹುಡುಕಿ, ಮಾತಾಡಿಸಲೇಬೇಕು.

ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ (ಊರಿನ ಆರೋಗ್ಯ ಕಾರ್ಯಕರ್ತೆ) ಇರುತ್ತಾರೆ. ಊರಿಗೆ ಪರಿಚಯಿಸಲು ಅವರಿಗಿಂತ ಒಳ್ಳೆಯವರಿಲ್ಲ. ಆದರೆ ಸಂದರ್ಶನದ ಹೊತ್ತಿಗೆ ಪಕ್ಕದಲ್ಲಿ ಅವರು ಕೂತಿರಬಾರದು. ಕುಟುಂಬ ಯೋಜನೆಗೆ ಕರೆದೊಯ್ದರೆ ಆಶಾಗೆ ಪ್ರೋತ್ಸಾಹಧನ ಉಂಟು, ಅದು ಊರಿಗೆಲ್ಲ ಗೊತ್ತು. ಅವರ ಎದುರು ಯಾವ ಹೆಣ್ಣುಮಗಳೂ ‘ನಂಗೆ ಇಷ್ಟ ಇರ್ಲಿಲ್ಲ’ ಎನ್ನುವುದಿಲ್ಲ. ಮೊದಲ ದಿನ ಜೊತೆಯಲ್ಲಿ ಹೋಗಿ, ಮರುದಿನದಿಂದ ಒಬ್ಬರೇ ಹೋಗಿ. ಆಶಾ ಅವರನ್ನೂ ಬೇರೆಯಾಗಿ ಸಂದರ್ಶಿಸಿ. ತನ್ನ ಆಪರೇಷನ್ ಬಗ್ಗೆ ಒಬ್ಬ ಹೆಂಗಸಾಗಿ ಅವರು ಹೇಳುವುದು ಇನ್ನೊಂದೇ ಇರುತ್ತದೆ.

ಹೆಂಗಸರನ್ನು ಹೆಂಗಸರೇ ಕೇಳಬೇಕು, ಗಂಡಸರನ್ನು ಗಂಡಸರು. ತಾಂಡಾದಲ್ಲಿ ಲಂಬಾಣಿ, ಮೊಳಕಾಲ್ಮೂರು ಕಡೆ ತೆಲುಗು, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕೇರಿಯಲ್ಲಿ ದಖ್ಖನಿ ಉರ್ದು ಬಲ್ಲವರು ಬೇಕು. ಮನೆಯ ಹುಡುಗಿಯನ್ನೋ ಸೊಸೆಯನ್ನೋ ದುಭಾಷಿ ಮಾಡಿಕೊಂಡರೆ ಗರ್ಭಪಾತದ ಮಾತು ಅಲ್ಲಿಗೇ ನಿಲ್ಲುತ್ತದೆ.

ಬಸುರಿನ ಪಟ್ಟಿ

ಕಾಗದದ ಮೇಲೆ ಎಂಟು ಅಂಕಣ ಎಳೆಯಿರಿ: ಎಷ್ಟನೇ ಬಸುರು, ತಿಂಗಳು ಮತ್ತು ಇಸವಿ, ಏನಾಯಿತು (ಜೀವಂತ ಹೆರಿಗೆ, ಸತ್ತು ಹುಟ್ಟಿದ್ದು, ತಾನಾಗಿ ಬಿದ್ದದ್ದು, ತೆಗೆಸಿದ್ದು), ಗಂಡೋ ಹೆಣ್ಣೋ, ಹೆರಿಗೆ ಎಲ್ಲಿ, ಮಗು ಈಗ ಇದೆಯೇ, ಇಲ್ಲದಿದ್ದರೆ ಯಾವ ವಯಸ್ಸಿಗೆ ಹೋಯಿತು, ಮುಂದಿನ ಬಸುರಿಗೆ ಮುಂಚೆ ಏನಾದರೂ ಬಳಸಿದ್ದರೇ. ‘ಎಷ್ಟು ಮಕ್ಕಳು?’ ಎಂದು ಶುರು ಮಾಡಿದರೆ ಬದುಕಿರುವವರ ಲೆಕ್ಕ ಮಾತ್ರ ಬರುತ್ತದೆ. ಮೊದಲ ಬಸುರಿನಿಂದ ಶುರು ಮಾಡಿ. ‘ಕುಬುಸ ಎಲ್ಲಿ ಮಾಡಿದ್ರು? ತವರಿಗೆ ಯಾವಾಗ ಕರ್ಕೊಂಡು ಹೋದ್ರು?’ ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ತಿಂಗಳೂ ಸಿಗುತ್ತದೆ.

ಇಸವಿ ನೆನಪಿಲ್ಲದವರಿಗೆ ಊರಿನ ನೆನಪಿನ ಪಟ್ಟಿ ಬೇಕು. ಇಂದಿರಾಗಾಂಧಿ ಹೋದದ್ದು 1984, ದಾವಣಗೆರೆ ಜಿಲ್ಲೆ ಆದದ್ದು 1997, ರಾಜಕುಮಾರ್ ಅಪಹರಣ 2000, ಅವರು ತೀರಿದ್ದು 2006, ನೋಟು ರದ್ದಾದದ್ದು 2016, ಲಾಕ್‌ಡೌನ್ 2020, ಪುನೀತ್ ಹೋದದ್ದು 2021, ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದದ್ದು 2022. ತಿಂಗಳಿಗೆ ಹಬ್ಬ ಮತ್ತು ಹೊಲ ಸಾಕು: ನಾಯಕನಹಟ್ಟಿ ತೇರಿಗೆ ಮುಂಚೆಯೋ ಆಮೇಲೋ, ಶೇಂಗಾ ಕೀಳುವಾಗಲೋ ಬಿತ್ತುವಾಗಲೋ. ತಾಯಿ ಕಾರ್ಡ್ ಇದ್ದರೆ ಕೊನೆಗೆ ಕೇಳಿ ತಾಳೆ ನೋಡಿ. ಮೊದಲೇ ಕಾರ್ಡ್ ಕೇಳಿದರೆ ನಿಮ್ಮನ್ನು ಆಸ್ಪತ್ರೆಯವರೆಂದೇ ತಿಳಿಯುತ್ತಾರೆ.

ಎದ್ದು ಬರುವ ಮುಂಚೆ ಅಂತರ ನೋಡಿಕೊಳ್ಳಿ. ಎರಡು ಜೀವಂತ ಹೆರಿಗೆಗಳ ನಡುವೆ ಏಳು ತಿಂಗಳಿಗಿಂತ ಕಡಿಮೆ ಬಂದಿದ್ದರೆ ಎಲ್ಲೋ ಇಸವಿ ತಪ್ಪಿದೆ. ನಾಲ್ಕು ವರ್ಷಕ್ಕಿಂತ ಹೆಚ್ಚಿನ ಅಂತರವಿದ್ದು, ಏನೂ ಬಳಸಿಲ್ಲವೆಂದರೆ ನಡುವೆ ಒಂದು ಬಸುರು ಮರೆತಿರಬಹುದು, ಗಂಡ ದೂರ ಇದ್ದಿರಬಹುದು, ಇಲ್ಲವೇ ಹುಟ್ಟಿದ ವಾರದಲ್ಲೇ ಹೋದ ಕೂಸನ್ನು ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ. ‘ಹುಟ್ಟಿ ಅತ್ತು, ಆಮೇಲೆ ಉಳೀದೇ ಇರೋ ಕೂಸು ಏನಾದ್ರೂ ಇತ್ತಾ, ಅವ್ವಾ?’ ಎಂದು ಮೆಲ್ಲಗೆ ಕೇಳಿ. ಉತ್ತರ ಬಂದಾಗ ಪೆನ್ನು ಕೆಳಗಿಡಿ. ಬರೆಯುವುದು ಆಮೇಲೆ ಆದೀತು.

‘ಆಪರೇಷನ್’ ಎಂಬ ಒಂದು ಮಾತು, ಮೂರು ಸಂಗತಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದು. ನಮ್ಮ ಕಡೆ ಸಿಸೇರಿಯನ್ನಿಗೂ ಆಪರೇಷನ್ ಎನ್ನುತ್ತಾರೆ, ಸಂತಾನಹರಣಕ್ಕೂ ಆಪರೇಷನ್ ಎನ್ನುತ್ತಾರೆ, ಗರ್ಭಕೋಶ ತೆಗೆಸಿದ್ದಕ್ಕೂ ಅದೇ ಮಾತು. ‘ಆಪರೇಷನ್ ಆಗಿದೆ’ ಎಂದು ಗುರುತು ಹಾಕಿ ಮುಂದೆ ಹೋದರೆ ಮೂರೂ ಕಲಸಿಹೋಗುತ್ತವೆ. ಮಾತು ಹೀಗೆ ನಡೆಯಲಿ:

‘ಅಕ್ಕಾ, ಆಪ್ರೇಷನ್ ಆಗೈತೆ ಅಂದ್ರಲ್ಲ, ಯಾವ್ದು ಅದು?’
‘ಅದೇ, ಹೊಟ್ಟೆದು.’
‘ಕೂಸು ತೆಗೆಯಾಕೆ ಕೊಯ್ದಿದ್ದಾ, ಮಕ್ಕಳಾಗದಂಗೆ ಮಾಡಿದ್ದಾ, ಗರ್ಭಕೋಶ ತೆಗೆದಿದ್ದಾ?’
‘ಮೂರನೇದಕ್ಕೆ ಕೊಯ್ದ್ರು. ಅವಾಗ್ಲೇ ಅದ್ನೂ ಮಾಡಿದ್ರು.’
‘ಅದ್ನೂ ಮಾಡ್ತೀವಿ ಅಂತ ಮುಂಚೆ ಹೇಳಿದ್ರಾ, ಆದಮ್ಯಾಲೆ ಗೊತ್ತಾತಾ?’

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಇನ್ನೂ ಅನುಮಾನವಿದ್ದರೆ ‘ತಿಂಗಳದ್ದು ಬರ್ತೈತಾ?’ ಎಂದು ಕೇಳಿ. ಮುಟ್ಟು ನಿಲ್ಲುವ ವಯಸ್ಸಲ್ಲದೆ ಆಪರೇಷನ್ ಆದ ದಿನದಿಂದಲೇ ನಿಂತಿದ್ದರೆ ಗರ್ಭಕೋಶ ತೆಗೆದಿರುವ ಸಾಧ್ಯತೆ ಹೆಚ್ಚು. ಇಂಥ ಮಾತಿನ ಗೊಂದಲ ಬೇರೆಯೂ ಇದೆ. ಕಾಪರ್-ಟಿಗೆ ಹಿರಿಯರು ‘ವಂಕಿ’ ಎನ್ನುತ್ತಾರೆ. ‘ತೆಗೆಸಿದೆ’ ಎಂದರೆ ವಂಕಿಯನ್ನೋ ಬಸುರನ್ನೋ ಎಂದು ಕೇಳಬೇಕು. ‘ಹೊರಗಾದೆ’ ಎಂದರೆ ಮುಟ್ಟು.

ಇನ್ನು ಕ್ರಿಯಾಪದ. ‘ತೀರ್ಮಾನ ಯಾರದ್ದು?’ ಎಂದು ನೇರ ಕೇಳಿದರೆ ‘ಇಬ್ರದ್ದೂ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ಅದರ ಬದಲು ಆ ದಿನದ ಕಥೆ ಕೇಳಿ. ಹಿಂದಿನ ರಾತ್ರಿ ಮನೆಯಲ್ಲಿ ಏನು ಮಾತಾಯಿತು, ಜೊತೆಗೆ ಬಂದವರು ಯಾರು, ಕಾಗದ ಓದಿ ಹೇಳಿದರೇ, ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಯಾರಿದ್ದರು, ಆದ ಮೇಲೆ ನೀರು ಹೊತ್ತವರು ಯಾರು, ಎಷ್ಟನೇ ದಿನಕ್ಕೆ ಹೊಲಕ್ಕೆ ಹೋದರು. ಅವರು ಹೇಳುತ್ತಿದ್ದಂತೆ ಕ್ರಿಯಾಪದವನ್ನು ಇದ್ದಂತೆಯೇ ಬರೆದುಕೊಳ್ಳಿ. ‘ಮಾಡಿಸ್ಕೊಂಡೆ’, ‘ಮಾಡ್ಸಿದ್ರು’, ‘ಮಾಡಿಬಿಟ್ರು’, ‘ಆತು’ — ಈ ನಾಲ್ಕು ನಾಲ್ಕು ಬೇರೆ ಉತ್ತರಗಳು. ನಮ್ಮ ಭಾಷೆಯಲ್ಲಿ ಯಾರ ಕೈ, ಯಾರ ಮೈ ಎಂಬುದು ಕ್ರಿಯಾಪದದ ತುದಿಯಲ್ಲೇ ಕೂತಿದೆ. ಪ್ರಶ್ನಾವಳಿಯ ‘ಹೌದು/ಇಲ್ಲ’ ಚೌಕದೊಳಗೆ ಅದು ಹಿಡಿಯುವುದಿಲ್ಲ.

‘ಮಾಡ್ಸಿದ್ರು’ ಎಂದಾಗ ಯಾರು ಎಂದು ಕೇಳಿ. ‘ಮನೆಯವ್ರು’ ಎಂದರೂ ನಿಲ್ಲಿಸಬೇಡಿ. ಗಂಡನ ಹೆಸರು ಹೇಳದವರು ಗಂಡನಿಗೇ ‘ಮನೆಯವ್ರು’ ಎನ್ನುತ್ತಾರೆ, ಅತ್ತೆ ಮಾವ ಎಲ್ಲ ಸೇರಿದರೂ ‘ಮನೆಯವ್ರೇ’. ಅತ್ತೆ ಎದುರಿಗಿದ್ದಾಗ ‘ಮಾಡಿಸ್ಕೊಂಡೆ’ ಎಂದವರು, ಅತ್ತೆ ಎಮ್ಮೆಗೆ ಹುಲ್ಲು ಹಾಕಲು ಎದ್ದುಹೋದ ಮೇಲೆ ‘ಮಾಡ್ಸಿದ್ರು’ ಎನ್ನಬಹುದು. ಎರಡನ್ನೂ ಬರೆಯಿರಿ. ಆಗ ಯಾರಿದ್ದರು ಎಂಬುದನ್ನೂ ಅಂಚಿನಲ್ಲಿ ಗುರುತು ಹಾಕಿ.

ಇದರ ಜೊತೆಗೇ ಒಂದು ಎಚ್ಚರ ಬೇಕು. ಎಲ್ಲೆಲ್ಲೂ ಬಲವಂತವನ್ನೇ ಹುಡುಕುತ್ತ ಹೋಗುವುದೂ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ. ‘ಇನ್ನೊಂದು ಗಂಡಾಗ್ಲಿ’ ಎಂದು ಹಟ ಹಿಡಿದ ಅತ್ತೆಯ ವಿರುದ್ಧ ನಿಂತು, ತವರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರೂ ಇದ್ದಾರೆ. ಅವರಿಗೆ ಅದು ಗೆಲುವು. ಅದನ್ನು ಗೆಲುವೆಂದೇ ಬರೆಯಬೇಕು.

ಗಂಡಸರ ಬಳಿ

ಗಂಡಸರ ಆಪರೇಷನ್ ಬಗ್ಗೆ ಅರಳಿಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೇಳಿದರೆ ನಗು ಮಾತ್ರ ಸಿಗುತ್ತದೆ. ಒಬ್ಬೊಬ್ಬರನ್ನೇ, ಹೊಲದಲ್ಲಿ ಮಾತಾಡಿಸಿ. ‘ನಿಶ್ಶಕ್ತಿ ಆಗುತ್ತೆ, ಮೂಟೆ ಹೊರೋಕಾಗಲ್ಲ’ ಎಂಬ ಮಾತು ಬಂದರೆ ವಾದಕ್ಕಿಳಿಯದೆ, ಯಾರಿಗೆ ಹಾಗಾಗಿದ್ದು ಕಂಡಿದ್ದೀರಿ ಎಂದು ಕೇಳಿ. ಹೆಚ್ಚಿನವರು ಕೇಳಿದ್ದನ್ನು ಹೇಳುತ್ತಿರುತ್ತಾರೆ. ಆ ಮಾತಿನ ಬೇರು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದೇ ಸಂಶೋಧನೆಯ ವಿಷಯ. ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ಗಾದೆಯನ್ನು ಮುಂದಿಟ್ಟು, ಇಬ್ಬರೂ ಹೆಣ್ಣಾದರೆ ಏನು ಮಾಡ್ತಿದ್ರಿ ಎಂದು ಕೇಳುವುದು, ಗಂಡುಮಗು ಬೇಕೇ ಎಂದು ನೇರ ಕೇಳುವುದಕ್ಕಿಂತ ಒಳ್ಳೆಯದು.

ನೀತಿಯ ಹಾಳೆ

ಪ್ರತಿ ಹೆಂಗಸಿನ ಬಸುರಿನ ಪಟ್ಟಿಯ ಪಕ್ಕ ಇಡಲು ಇನ್ನೊಂದು ಹಾಳೆ ಸಿದ್ಧವಾಗಿರಲಿ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣದ ಚಿಕಿತ್ಸಾಲಯ ತೆರೆಯಿತು; ಚಿತ್ರದುರ್ಗ ಆಗ ಆ ಸಂಸ್ಥಾನದ ಜಿಲ್ಲೆ. 1952ರಲ್ಲಿ ಕೇಂದ್ರದ ಕುಟುಂಬ ಯೋಜನೆ ಬಂತು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ 1961ರಲ್ಲಿ ಪ್ರಕಟವಾಯಿತು. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 83 ಲಕ್ಷ ಸಂತಾನಹರಣ ನಡೆಯಿತು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಆ ಸಿಟ್ಟಿಗೆ 1977ರಲ್ಲಿ ಸರ್ಕಾರ ಬಿದ್ದ ಮೇಲೆ ಗಂಡಸರ ಆಪರೇಷನ್ ಮತ್ತೆ ತಲೆ ಎತ್ತಲಿಲ್ಲ, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 1994ರ ಕೈರೋ ಜನಸಂಖ್ಯಾ ಸಮ್ಮೇಳನದ ನಂತರ, 1996ರಲ್ಲಿ ಇಂತಿಷ್ಟು ಆಪರೇಷನ್ ಆಗಲೇಬೇಕೆಂಬ ಗುರಿ ಪದ್ಧತಿಯನ್ನು ಕೇಂದ್ರ ಕೈಬಿಟ್ಟಿತು. 2000ದಲ್ಲಿ ರಾಷ್ಟ್ರೀಯ ಜನಸಂಖ್ಯಾ ನೀತಿ, 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಆಶಾ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಶಿಬಿರ ಪದ್ಧತಿ ನಿಲ್ಲಿಸಿ ಎಂದಿತು. 2024ರಲ್ಲಿ ಮೊಳಕಾಲ್ಮೂರಿನ ಗಡಿಯಾಚೆ ಆಂಧ್ರದ ಮುಖ್ಯಮಂತ್ರಿ ಹೆಚ್ಚು ಮಕ್ಕಳಾಗಲಿ ಎಂದರು. ಬೇಡ ಎಂದದ್ದೂ ಬೇಕು ಎಂದದ್ದೂ ಅದೇ ಹೊಟ್ಟೆಗೆ.

1992ರಲ್ಲಿ ಶಾಲೆಯ ಕೊಠಡಿಯ ಶಿಬಿರದಲ್ಲಿ ಆದ ಆಪರೇಷನ್ನನ್ನೂ 2012ರಲ್ಲಿ ಹೆರಿಗೆಯ ಜೊತೆಗೇ ಆದದ್ದನ್ನೂ ಒಂದೇ ಅಂಕಣಕ್ಕೆ ಹಾಕಿ ಕೂಡಿಸಬೇಡಿ. ಎರಡರ ಹಿಂದಿನ ಒತ್ತಡ ಬೇರೆ ಬೇರೆ.

ಕಾನೂನು ಮತ್ತು ಗುಟ್ಟು

18 ತುಂಬದವರನ್ನು ಈ ಅಧ್ಯಯನಕ್ಕೆ ಸೇರಿಸಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 18ರೊಳಗಿನ ಹೆಂಡತಿಯೂ ಇದರೊಳಗೆ ಬರುತ್ತಾಳೆ. ಬಾಲ್ಯದಲ್ಲೇ ಮದುವೆಯಾದ ಹುಡುಗಿ ಎದುರಾದರೆ ಏನು ಮಾಡುವುದೆಂದು ನೈತಿಕ ಸಮಿತಿಯಿಂದ ಮೊದಲೇ ಬರೆಸಿಕೊಂಡು ಹೋಗಿ, ಆ ಮಿತಿಯನ್ನು ಒಪ್ಪಿಗೆ ಪತ್ರ ಓದುವಾಗಲೇ ಹೇಳಿ.

ಭ್ರೂಣಲಿಂಗ ಪತ್ತೆಯ ಮಾತು ಬಂದರೆ ಆಸ್ಪತ್ರೆ, ಊರು, ವೈದ್ಯರ ಹೆಸರು ಬರೆಯದೆ ಸಂಗತಿ ಮಾತ್ರ ಬರೆಯಿರಿ. ಗೊಲ್ಲರಹಟ್ಟಿಯಲ್ಲಿ ಬಾಣಂತಿ, ಮುಟ್ಟಾದವರು ಹೊರಗೆ ಉಳಿಯುವ ರೂಢಿ ಇರುವ ಕಡೆ, ಅವರಿರುವ ಜಾಗಕ್ಕೇ ಹೋಗಿ ಫೋಟೊ ತೆಗೆಯುವುದು ಸಲ್ಲದು. 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಅಂಥ ಬಲವಂತವನ್ನು ನಿಷೇಧಿಸಿದೆ. ಆದ್ದರಿಂದ ಕ್ಯಾಮೆರಾ ಕಂಡರೆ ಇಡೀ ಹಟ್ಟಿ ಬಾಯಿ ಮುಚ್ಚುತ್ತದೆ. ಅವರು ಒಳಗೆ ಬಂದ ಮೇಲೆ ಆ ದಿನಗಳ ಬಗ್ಗೆ ಕೇಳಿ: ಮಲಗಿದ್ದು ಎಲ್ಲಿ, ಮಳೆ ಬಂದಾಗ ಕೂಸು ಎಲ್ಲಿತ್ತು.

ಹೆಂಗಸರು ನಿಮ್ಮನ್ನೂ ಕೇಳುತ್ತಾರೆ. ತಿಳಿದು ಹೋಗಿ. ಸಂತಾನಹರಣಕ್ಕೂ ಕಾನೂನಿನ ಪ್ರಕಾರದ ಗರ್ಭಪಾತಕ್ಕೂ 18 ದಾಟಿದ ಹೆಂಗಸಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಗರ್ಭಪಾತಕ್ಕೆ ಸಾಮಾನ್ಯ ಮಿತಿ 20 ವಾರ. 2021ರ ತಿದ್ದುಪಡಿಯಂತೆ ಗೊತ್ತುಮಾಡಿದ ಕೆಲವು ವರ್ಗಗಳಿಗೆ 24 ವಾರ. ಸರ್ಕಾರಿ ನಿಯಮದಂತೆ ಹೆಂಗಸರ ಆಪರೇಷನ್ನಿಗೆ ವಯಸ್ಸು 22ಕ್ಕಿಂತ ಮೇಲಿರಬೇಕು, ಒಂದು ಮಗುವಿಗಾದರೂ ವರ್ಷ ತುಂಬಿರಬೇಕು. ಬಸುರು ತಡೆಯುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಅದಕ್ಕೇ ಇರುವ ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಗಂಡಸರ ಆಪರೇಷನ್ ಆದ ಕೂಡಲೇ ಫಲ ಕೊಡುವುದಿಲ್ಲ. ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಬೇಕು. ಇದನ್ನು ಹೇಳದೆ ಬಿಟ್ಟದ್ದರಿಂದ ಹೆಂಡತಿಯ ಮೇಲೆ ಅನುಮಾನ ಬಂದು ಸಂಸಾರ ಒಡೆಯಬಹುದು.

ಬರೆದದ್ದನ್ನು ಓದುವುದು

ಒಂದು ಗಂಟೆಯ ಧ್ವನಿಮುದ್ರಣ ಬೆರಳಚ್ಚು ಮಾಡಲು ಐದಾರು ಗಂಟೆ ಹಿಡಿಯುತ್ತದೆ. ಹಳೆಯ ನುಡಿ ಅಕ್ಷರದಲ್ಲಿ ಹೊಡೆದರೆ ಆಮೇಲೆ ಹುಡುಕಲು ಬರುವುದಿಲ್ಲ, ಮೊದಲಿಂದಲೇ ಯೂನಿಕೋಡ್ ಬಳಸಿ. ಮಾತನ್ನು ಗ್ರಾಂಥಿಕಕ್ಕೆ ತಿದ್ದಬೇಡಿ. ‘ಮಾಡ್ಸಿದ್ರು’ ಎಂಬುದು ‘ಶಸ್ತ್ರಚಿಕಿತ್ಸೆಗೆ ಒಳಗಾದರು’ ಎಂದಾದರೆ ನೀವು ಊರಿಗೆ ಹೋದದ್ದೇ ವ್ಯರ್ಥ.

ಆಪರೇಷನ್ ಆದವರ ಕೊನೆಯ ಮಗು ಗಂಡೋ ಹೆಣ್ಣೋ ಎಂದು ಎಣಿಸಿ ನೋಡುವುದು ಗಂಡುಮಗುವಿನ ಹಂಬಲ ಅಳೆಯುವ ಒಳ್ಳೆಯ ದಾರಿ. ಸಹಜವಾಗಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಆದರೆ 40 ಹೆಂಗಸರ ಲೆಕ್ಕದಲ್ಲಿ 14ರಿಂದ 27ರವರೆಗೆ ಗಂಡು ಬಂದರೂ ಅದು ಬರೀ ಆಕಸ್ಮಿಕವಿರಬಹುದು. 30 ದಾಟಿದರೆ ಮಾತ್ರ ಹೇಳಲು ಏನೋ ಇದೆ. ಅಷ್ಟು ಚಿಕ್ಕ ಸಂಖ್ಯೆಯಿಂದ ಸರಾಸರಿ ಫಲವತ್ತತೆ ಲೆಕ್ಕ ಹಾಕಲು ಹೋಗಬೇಡಿ.

ಹೆಸರುಗಳ ಪಟ್ಟಿ ಒಂದು ಕಡೆ ಬೀಗದಲ್ಲಿ, ಸಂಕೇತ ಸಂಖ್ಯೆಯ ಹಾಳೆಗಳು ಇನ್ನೊಂದು ಕಡೆ ಇರಲಿ. ಊರಿನ ಹೆಸರು ಬದಲಿಸಿದರೆ ಸಾಲದು. ನಲವತ್ತು ಮನೆಯ ತಾಂಡಾದಲ್ಲಿ ‘ಮೂರು ಹೆಣ್ಣಾದ ಮೇಲೆ ತವರಿಗೆ ಹೋಗಿ ತೆಗೆಸಿಕೊಂಡವಳು’ ಎಂದರೆ ಯಾರೆಂದು ಮಗುವಿಗೂ ಗೊತ್ತಾಗುತ್ತದೆ. ಅಂಥ ವಿವರವನ್ನು ಇಬ್ಬರು ಮೂವರ ಕಥೆಗೆ ಹಂಚಿ ಬರೆಯಿರಿ, ಹಾಗೆ ಹಂಚಿದ್ದೇವೆಂದು ಪ್ರಬಂಧದಲ್ಲಿ ಹೇಳಿ. ಅಚ್ಚಿಗೆ ಹೋಗುವ ಮುಂಚೆ ಇನ್ನೊಮ್ಮೆ ಊರಿಗೆ ಹೋಗಿ, ಅವರವರ ಭಾಗವನ್ನು ಅವರಿಗಷ್ಟೇ ಓದಿ ಹೇಳಿ. ‘ಇದು ಬ್ಯಾಡ ಕಣವ್ವಾ, ತೆಗಿ’ ಎಂದದ್ದನ್ನು ಅಲ್ಲೇ, ಅವರ ಕಣ್ಣೆದುರಿಗೇ ಹೊಡೆದುಹಾಕಿ.